ನಿಮಗಿದು ಗೊತ್ತೇ? ಬೆಂಗಳೂರಿನ ಎರಡು ಬಾಗಿಲಿನ ಕಾರುಗಳು!

ರೈಲು ಎಂಜಿನ್ ಮಾಡುವವರು ಸ್ಪೋರ್ಟ್ಸ್ ಕಾರನ್ನೂ ಮಾಡಿದ್ದಾರೆ! ನಂಬಿಕೆ ಬರುತ್ತಿಲ್ಲವೇ? ವೈಟ್‌ಫೀಲ್ಡ್ ರಸ್ತೆಯ ಸ್ಯಾನ್ ಎಂಜಿನಿಯರಿಂಗ್ ಅಂಡ್ ಲೋಕೋಮೋಟಿವ್ ಕಂಪನಿಯ ಕಸುಬು ಬೋಗಿಗಳನ್ನು ಎಳೆಯುವ ಡೀಸೆಲ್ ಎಂಜಿನ್‌ಗಳು. ಅದೇ ಬಳಗದ ಸ್ಯಾನ್ ಮೋಟಾರ್ಸ್ 1998ರಲ್ಲಿ ‘ಸ್ಟಾರ್ಮ್’ ಎಂಬ ಕಾರನ್ನು ರಸ್ತೆಗಿಳಿಸಿತು. ಇಬ್ಬರಿಗಷ್ಟೇ ಜಾಗ. ಮೇಲಿನ ಹೊದಿಕೆ ಮಡಚಿದರೆ ತಲೆಯ ಮೇಲೆ ಬರೀ ಆಕಾಶ!

ಸ್ಟಾರ್ಮ್‌ನ ಎಂಜಿನ್ ಫ್ರಾನ್ಸಿನ ರೆನೋ ಕಂಪನಿಯದು. 1149 ಸಿಸಿ, ಸುಮಾರು 60 ಅಶ್ವಶಕ್ತಿ. ಕಾರು ತಯಾರಾಗುತ್ತಿದ್ದದ್ದು ಗೋವಾದಲ್ಲಿ. ಯಜಮಾನರು ಮಾತ್ರ ನಮ್ಮ ಬೆಂಗಳೂರಿನವರು!

ಈಗ ಊರಿನ ಇನ್ನೊಂದು ತುದಿಗೆ ಬನ್ನಿ. ಎಲೆಕ್ಟ್ರಾನಿಕ್ ಸಿಟಿ ದಾಟಿದರೆ ಬೊಮ್ಮಸಂದ್ರ. 2001ರಲ್ಲಿ ಮಾರುಕಟ್ಟೆಗೆ ಬಂದ ‘ರೇವಾ’ ಇಲ್ಲಿಯದು. ಬೆಂಗಳೂರಿನ ಮೈನಿ ಬಳಗವೂ ಅಮೆರಿಕದ ಅಮೆರಿಗಾನ್ ಕಂಪನಿಯೂ 1994ರಲ್ಲಿ ಕೈಜೋಡಿಸಿದ್ದರ ಫಲ. ಇದಕ್ಕೂ ಎರಡೇ ಬಾಗಿಲು. ಆದರೆ ಪೆಟ್ರೋಲ್ ಟ್ಯಾಂಕೇ ಇಲ್ಲ!

ಮತ್ತೆ ಓಡುವುದು ಹೇಗೆ? ಸೀಟಿನ ಕೆಳಗೆ ಎಂಟು ಲೆಡ್ ಆಸಿಡ್ ಬ್ಯಾಟರಿ, ತಲಾ 6 ವೋಲ್ಟ್. ಮನೆಯ 15 ಆಂಪಿಯರ್ ಪ್ಲಗ್ಗಿಗೆ ಹಾಕಿ ಮಲಗಿದರೆ ಬೆಳಗ್ಗೆ ಸುಮಾರು 80 ಕಿ.ಮೀ.ಗೆ ಸಿದ್ಧ. ಕ್ಲಚ್ ಇಲ್ಲ, ಗೇರ್ ಹಾಕುವ ಗೋಜೂ ಇಲ್ಲ!

ಉದ್ದವೋ, ಬರೀ 2.6 ಮೀಟರ್. ಪಕ್ಕದಲ್ಲಿ ನಿಂತರೆ ನಮ್ಮ ಪುಟ್ಟ ಮಾರುತಿ 800 ಕೂಡ ದೊಡ್ಡ ಕಾರು!

ಇದೇ ರೇವಾ 2004ರಲ್ಲಿ ಲಂಡನ್ನಿಗೂ ಹೋಯಿತು, ‘ಜಿ-ವಿಜ್’ ಎಂಬ ಹೆಸರಿನಲ್ಲಿ. ನಗರದ ನಡುಭಾಗಕ್ಕೆ ಬರುವ ಕಾರುಗಳು ಅಲ್ಲಿ ದಟ್ಟಣೆ ಶುಲ್ಕ ತೆರಬೇಕು. ಬೊಮ್ಮಸಂದ್ರದ ಈ ಗಾಡಿಗೆ ಆಗ ಅದು ಮಾಫಿ ಆಗಿತ್ತು! ಇನ್ನೂ ಮಜಾ ಕೇಳಿ: ಯುರೋಪಿನ ಕಾನೂನಿನ ಲೆಕ್ಕದಲ್ಲಿ ಇದು ಕಾರೇ ಅಲ್ಲ. ‘ಕ್ವಾಡ್ರಿಸೈಕಲ್’ ಎಂಬ ಬೇರೆಯದೇ ಜಾತಿ!

ಇವೆರಡಕ್ಕೂ ಒಬ್ಬ ಅಣ್ಣನಿದ್ದಾನೆ. ಪೀಣ್ಯದತ್ತ ಸಾಗುವ ತುಮಕೂರು ರಸ್ತೆಯಲ್ಲಿದ್ದ ಸಿಪಾನಿ ಕಂಪನಿಯ ‘ಡಾಲ್ಫಿನ್’, 1982ರದು. ಮೂಲ ವಿನ್ಯಾಸ ಇಂಗ್ಲೆಂಡಿನ ರಿಲಯಂಟ್ ಕಿಟನ್, ಎಂಜಿನ್ 848 ಸಿಸಿ. ಮೈ ಎಷ್ಟು ಹಗುರವೆಂದರೆ, ರ‍್ಯಾಲಿಗಳಲ್ಲಿ ಓಡಿಸುವವರಿಗೆ ಇದು ಅಚ್ಚುಮೆಚ್ಚು. ಸಾಮಾನ್ಯ ಗಿರಾಕಿ ಮಾತ್ರ ನಾಲ್ಕು ಬಾಗಿಲಿನ ಮಾರುತಿಯ ಕಡೆ ಹೊರಟುಹೋದ!

ಫ್ರಾನ್ಸ್, ಅಮೆರಿಕ, ಇಂಗ್ಲೆಂಡ್ ಎಂದು ಮೂರು ದಿಕ್ಕಿನ ನಂಟು. ಆದರೂ ಮೂರರಲ್ಲಿ ಒಂದಕ್ಕೂ ಉಕ್ಕಿನ ಹೊರಮೈ ಇಲ್ಲ! ಸ್ಟಾರ್ಮ್ ಮತ್ತು ಡಾಲ್ಫಿನ್‌ಗೆ ಫೈಬರ್‌ಗ್ಲಾಸ್, ರೇವಾಕ್ಕೆ ಎಬಿಎಸ್ ಪ್ಲಾಸ್ಟಿಕ್. ಉಕ್ಕಿನ ತಗಡನ್ನು ಒತ್ತುವ ಅಚ್ಚುಗಳಿಗೆ ಕೋಟಿಗಟ್ಟಲೆ ಸುರಿಯಬೇಕು. ಕಡಿಮೆ ಕಾರು ಮಾಡುವವರಿಗೆ ಅದು ಗಿಟ್ಟುವುದಿಲ್ಲ.

ನನ್ನನ್ನು ಕೇಳಿದರೆ, ಅಂದದಲ್ಲಿ ಸ್ಟಾರ್ಮ್, ಅಚ್ಚರಿಯಲ್ಲಿ ರೇವಾ. ಎಲ್ಲಾದರೂ ಹಳೆಯ ರೇವಾ ಕಂಡರೆ ಮಾಲೀಕರ ಒಪ್ಪಿಗೆ ಕೇಳಿ, ಬಾಗಿಲಿಗೊಂದು ಅಯಸ್ಕಾಂತ ಹಿಡಿದು ನೋಡಿ. ಅಂಟುವುದೇ ಇಲ್ಲ!