ಮೆಡಿಕಲ್ ಬೋರ್ಡಿನ ಕಾಗದ ಮತ್ತು ಗಡಿಯಾಚೆಯ ಕನ್ನಡ ಮಾಜಿ ಸೈನಿಕ

ಗಡಿನಾಡ ಕನ್ನಡಿಗರು ಅಂದಕೂಡಲೇ ನಮ್ಮ ಗೋಷ್ಠಿಗಳಲ್ಲಿ ಶಾಲೆ, ನಾಮಫಲಕ, ಆಡಳಿತ ಭಾಷೆ ಇವೇ ಚರ್ಚೆಗೆ ಬರ್ತವೆ. ಇವತ್ತು ನಾನು ಆರಿಸಿಕೊಂಡಿರೋದು ಬೇರೆಯದೇ ಒಂದು ಕಾಗದ: ಸೈನ್ಯದಿಂದ ಬಿಡುಗಡೆ ಆಗುವಾಗ ಮೆಡಿಕಲ್ ಬೋರ್ಡ್ ಬರೆಯುವ ವರದಿ. ಒಂದು ಮನೆಗೆ ಅಂಗವೈಕಲ್ಯ ಪಿಂಚಣಿ ಬರುತ್ತೋ ಇಲ್ಲವೋ ಅನ್ನೋದು ಬಹುಮಟ್ಟಿಗೆ ಇದರ ಮೇಲೆ ನಿಂತಿದೆ.

ಬೋರ್ಡು ಮುಖ್ಯವಾಗಿ ಎರಡು ವಿಷಯ ಹೇಳಬೇಕು. ಒಂದು, ಕಾಯಿಲೆ ಅಥವಾ ಗಾಯ ಸೇವೆಯಿಂದಲೇ ಆದದ್ದೋ, ಇಲ್ಲಾ ಸೇವೆಯಿಂದ ಉಲ್ಬಣಿಸಿದ್ದೋ. ಇವೆರಡರಲ್ಲಿ ಒಂದು ಸಾಬೀತಾದರೆ ಸಾಕು. ಎರಡು, ವೈಕಲ್ಯ ಶೇಕಡಾ ಎಷ್ಟು. ಸಾಮಾನ್ಯವಾಗಿ 20ಕ್ಕಿಂತ ಕಡಿಮೆ ಇದ್ದರೆ ಪಿಂಚಣಿ ಇಲ್ಲ.

ತಕರಾರು ಹೆಚ್ಚಾಗಿ ಹುಟ್ಟೋದು ಮೊದಲನೆಯದರಲ್ಲಿ. 2013ರ ಧರ್ಮವೀರ್ ಸಿಂಗ್ ಪ್ರಕರಣ ನೋಡಿ. 1985ರಲ್ಲಿ ಸಿಗ್ನಲ್ಸ್ ವಿಭಾಗಕ್ಕೆ ಸೇರಿದ ಸೈನಿಕ. ಮೂರ್ಛೆರೋಗ, ಶೇಕಡಾ 20 ವೈಕಲ್ಯ ಅಂತ 1994ರಲ್ಲಿ ಹೊರಗೆ ಬಂದರು. ಇದು ದೇಹಪ್ರಕೃತಿಯ ರೋಗ, ಸೇವೆಗೆ ಸಂಬಂಧವಿಲ್ಲ ಎಂದು ಬೋರ್ಡು ಬರೆದಿತ್ತು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. 1982ರ ನಿಯಮಗಳ ಪ್ರಕಾರ, ಸೇರುವಾಗಿನ ತಪಾಸಣೆಯಲ್ಲಿ ಆ ರೋಗದ ಟಿಪ್ಪಣಿ ಇಲ್ಲದಿದ್ದರೆ ಆತ ಆರೋಗ್ಯವಂತನಾಗಿದ್ದ ಎಂದೇ ಭಾವಿಸಬೇಕು. ಸಾಬೀತು ಮಾಡುವ ಹೊಣೆ ಸೈನಿಕನದಲ್ಲ. ಅನುಮಾನವಿದ್ದರೆ ಅದರ ಲಾಭ ಅವನಿಗೇ. ‘ಸಂಬಂಧವಿಲ್ಲ’ ಎಂದು ಬರೆಯುವ ಬೋರ್ಡು ಕಾರಣವನ್ನೂ ಬರೆಯಬೇಕು.

ಹಾಗಾಗಿ ವರದಿ ಕೈಗೆ ಬಂದಾಗ ಮೊದಲು ಹುಡುಕಬೇಕಾದ್ದು ಶೇಕಡಾವಾರು ಅಲ್ಲ, ಕಾರಣ. ಒಂದೇ ಸಾಲಿನ ತೀರ್ಮಾನ ಇದೆಯೋ, ವಿವರಣೆ ಇದೆಯೋ? ಜೊತೆಗೆ ಸೇರ್ಪಡೆಯ ತಪಾಸಣಾ ದಾಖಲೆ, ಮಿಲಿಟರಿ ಆಸ್ಪತ್ರೆಯ ಚಿಕಿತ್ಸಾ ಕಾಗದ, ಎಲ್ಲೆಲ್ಲಿ ಪೋಸ್ಟಿಂಗ್ ಆಗಿತ್ತು ಅನ್ನೋ ವಿವರ, ಗಾಯವಾಗಿದ್ದರೆ ಗಾಯದ ವರದಿ ಮತ್ತು ವಿಚಾರಣೆಯ ನಡಾವಳಿ ಬೇಕು.

ಭಾಷೆ ಒಳಗೆ ಬರೋದು ಸೈನಿಕನ ಸ್ವಂತ ಹೇಳಿಕೆಯಲ್ಲಿ. ‘ಸೇರುವ ಮೊದಲು ಈ ತೊಂದರೆ ಇತ್ತೇ?’ ಅಂತ ಫಾರಂ ಕೇಳುತ್ತೆ. ತಾಳವಾಡಿಯ ಕಡೆಯವರೊಬ್ಬರು ‘ಚಿಕ್ಕಂದಿನಲ್ಲಿ ಒಂದ್ಸಲ ಸೊಂಟ ಹಿಡ್ಕೊಂಡಿತ್ತು’ ಅಂದರು ಅಂತಿಟ್ಟುಕೊಳ್ಳಿ. ನಮಗದು ಎರಡು ದಿನದ ಉಳುಕು. ಇಂಗ್ಲಿಷಿನಲ್ಲಿ ‘ಮೊದಲಿನಿಂದಲೂ ಬೆನ್ನುನೋವು’ ಅಂತ ದಾಖಲಾದರೆ, ಅವರ ಪರ ಇದ್ದ ಭಾವನೆಯೇ ಅಲುಗಾಡುತ್ತೆ. ಸಹಿ ಹಾಕುವ ಮುಂಚೆ ಬರೆದದ್ದನ್ನು ಓದಿಸಿ ಕೇಳೋದು ಅದಕ್ಕೇ ಮುಖ್ಯ.

ಅರ್ಜಿ ತಿರಸ್ಕಾರವಾದರೆ ಇಲಾಖೆಯೊಳಗೆ ಮೊದಲ ಮೇಲ್ಮನವಿ, ಎರಡನೇ ಮೇಲ್ಮನವಿ; ಆಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ನಿವೃತ್ತರು ತಾವು ವಾಸವಿರುವ ಕಡೆಯ ಪೀಠಕ್ಕೆ ಹೋಗಬಹುದು. ಇಲ್ಲೊಂದು ಸ್ವಾರಸ್ಯ: ಕರ್ನಾಟಕಕ್ಕೂ ಕೇರಳಕ್ಕೂ ಪೀಠ ಒಂದೇ, ಕೊಚ್ಚಿ. ಅಂದರೆ ಮಂಗಳೂರಿನವರೂ ಕಾಸರಗೋಡಿನವರೂ ಒಂದೇ ಬಾಗಿಲು ತಟ್ಟಬೇಕು. ಹೊಸೂರು, ನೀಲಗಿರಿಯವರಿಗೆ ಚೆನ್ನೈ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಿನವರಿಗೆ ಮುಂಬಯಿ. ಎಲ್ಲಿ ಹೋದರೂ ಕಾಗದ ಇಂಗ್ಲಿಷಿನದು, ಸುತ್ತಲಿನ ಮಾತು ಬಹುತೇಕ ಬೇರೆ ಭಾಷೆಯದು.

ಶೇಕಡಾವಾರಿನ ಬಗ್ಗೆಯೂ ಒಂದು ಮಾತು. 20ರಿಂದ 50ರ ಒಳಗಿನ ವೈಕಲ್ಯವನ್ನು ಪಿಂಚಣಿ ಲೆಕ್ಕಕ್ಕೆ 50 ಎಂದು ಹಿಡಿಯುವ ಪದ್ಧತಿ ಇದೆ. ಅವಧಿ ಮುಗಿಸಿ ನಿವೃತ್ತರಾದವರಿಗೂ ಅದು ಸಲ್ಲುತ್ತೆ ಎಂದು 2014ರ ರಾಮ್ ಅವತಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇನ್ನು, 2023ರ ಸೆಪ್ಟೆಂಬರ್ 21ರಿಂದ ಹೊಸ ನಿಯಮಗಳು ಬಂದಿವೆ. ಆದ್ದರಿಂದ ಸೇವೆ ಬಿಟ್ಟ ದಿನಾಂಕ ನೋಡದೆ ಯಾರಿಗೂ ಸಲಹೆ ಕೊಡಬಾರದು.

ನಮ್ಮಂಥ ವಿದ್ಯಾರ್ಥಿಗಳು ವಕೀಲರಾಗಬೇಕಿಲ್ಲ. ಆ ಫಾರಂನ ಪ್ರಶ್ನೆಗಳನ್ನು ಆಯಾ ಊರಿನ ಕನ್ನಡದಲ್ಲಿ ವಿವರಿಸಿ ಬರೆದಿಟ್ಟರೆ, ಕ್ಷೇತ್ರಕಾರ್ಯಕ್ಕೆ ಹೋದಾಗ ಕೊಟ್ಟು ಬರಬಹುದು. ಗಡಿನಾಡ ಕನ್ನಡದ ಅಧ್ಯಯನಕ್ಕೆ ಇದೂ ಒಂದು ಕೆಲಸವೇ. ಪ್ರಶ್ನೆಗಳಿದ್ದರೆ ದಯವಿಟ್ಟು ಕೇಳಿ.