ಜಾತ್ರೆಯ ಜನ, ಬೆಟ್ಟದ ಅಳತೆ

ದೀಪಾವಳಿ ಬಂತೆಂದರೆ ಚಿಕ್ಕಮಗಳೂರಿನ ಸುತ್ತಲ ಊರುಗಳವರ ಕಣ್ಣು ಬಾಬಾಬುಡನ್‌ಗಿರಿಯ ಸಾಲಿನ ಕಡೆಗೆ ತಿರುಗುತ್ತದೆ. ಆ ಸಾಲಿನಲ್ಲಿ ಮಲ್ಲೇನಹಳ್ಳಿಯ ಮೇಲುಗಡೆ ಗೋಪುರದಂತೆ ಚೂಪಾಗಿ ಎದ್ದು ನಿಂತ ಒಂದು ಬೆಟ್ಟವಿದೆ. ಅದೇ ಬಿಂಡಿಗದ ದೇವಿರಮ್ಮನ ಬೆಟ್ಟ. ಬೆಟ್ಟದ ತುದಿಯಲ್ಲಿ ದೇವಿಯ ದರ್ಶನ ವರ್ಷಕ್ಕೊಮ್ಮೆ, ನರಕಚತುರ್ದಶಿಯ ಹೊತ್ತಿನಲ್ಲಿ ಮಾತ್ರ. ಭಕ್ತರು ಇರುಳಿನಲ್ಲೇ ಹೊರಟು, ಹಲವರು ಬರಿಗಾಲಿನಲ್ಲಿ, ಸೌದೆ, ತುಪ್ಪ, ಬಟ್ಟೆಗಳ ಹರಕೆಯನ್ನು ಹೊತ್ತು ಮೇಲೇರುತ್ತಾರೆ. ಸಂಜೆಗೆ ತುದಿಯಲ್ಲಿ ದೀಪ ಹೊತ್ತಿಕೊಳ್ಳುತ್ತದೆ. ಕೆಳಗಿನ ಊರುಗಳ ಜನ ಅದನ್ನು ಕಂಡು ಕೈಮುಗಿಯುತ್ತಾರೆ. ಹಿಂದೆ ಮೈಸೂರಿನ ಅರಮನೆಯಿಂದಲೂ ಆ ಬೆಳಕನ್ನು ನೋಡುತ್ತಿದ್ದರೆಂಬ ಮಾತು ಈ ಕಡೆಯ ಹಿರಿಯರ ಬಾಯಲ್ಲಿದೆ.

ನಿಮ್ಮಲ್ಲಿ ಅನೇಕರು ಆ ಬೆಟ್ಟವನ್ನು ಹತ್ತಿದವರೇ ಇರಬಹುದು. ಹತ್ತದವರು ಬರುವ ವರ್ಷ ಹೋಗೋಣವೆಂದು ಮನೆಮಂದಿಯೊಡನೆ ಮಾತಾಡಿಕೊಂಡಿರಬಹುದು. ಹಾಗೆ ಹೊರಡುವ ಮುನ್ನ ಯೋಚಿಸಬೇಕಾದ ಒಂದು ಸಂಗತಿಯನ್ನು ಇಲ್ಲಿ ನಿಮ್ಮ ಮುಂದಿಡಬೇಕೆಂದಿದ್ದೇನೆ. ಅದು ದೇವರ ವಿಷಯವಲ್ಲ, ದಾರಿಯ ವಿಷಯ. ಜಾತ್ರೆಗೆ ಬರುವ ಜನ ವರ್ಷ ವರ್ಷಕ್ಕೆ ಹೆಚ್ಚುತ್ತಿದ್ದಾರೆ. ಬೆಟ್ಟವೂ ಅದರ ಕಾಲುದಾರಿಯೂ ಮಾತ್ರ ಇದ್ದಷ್ಟೇ ಇವೆ. ಇವೆರಡನ್ನು ಹೊಂದಿಸುವ ಬಗೆ ಹೇಗೆ?

ಬಯಲುಸೀಮೆಯ ಜಾತ್ರೆಗೂ ಬೆಟ್ಟದ ಜಾತ್ರೆಗೂ ಇರುವ ಭೇದವನ್ನು ಮೊದಲು ನೋಡೋಣ. ಬಯಲಿನಲ್ಲಿ ರಥೋತ್ಸವ ನಡೆದರೆ ಜನ ಹೆಚ್ಚಾದಂತೆಲ್ಲ ಜಾತ್ರೆ ಹರಡಿಕೊಳ್ಳುತ್ತದೆ. ಬೆಂಡು ಬತ್ತಾಸಿನ ಅಂಗಡಿಗಳು ಇನ್ನೊಂದು ಹೊಲಕ್ಕೆ ಸರಿಯುತ್ತವೆ, ಗಾಡಿಗಳು ಇನ್ನೊಂದು ತೋಪಿನಲ್ಲಿ ನಿಲ್ಲುತ್ತವೆ. ಬೆಟ್ಟದಲ್ಲಿ ಹಾಗಲ್ಲ. ಒಂದು ಕಡೆ ಏರು, ಇನ್ನೊಂದು ಕಡೆ ಕಣಿವೆ. ನಡುವಿನ ಹುಲ್ಲಿನ ಮೇಲೆ ಒಬ್ಬರ ಹಿಂದೊಬ್ಬರು ನಡೆಯುವಷ್ಟೇ ದಾರಿ. ಅದರ ಮೇಲೆ ಆಶ್ವಯುಜ ಮಾಸದ ಕೊನೆಯೆಂದರೆ ಮಲೆನಾಡಿನಲ್ಲಿ ಮಳೆ ಪೂರ್ತಿ ಹಿಂದೆಗೆದ ಕಾಲವೂ ಅಲ್ಲ. ಒಂದು ಹದ ಮಳೆ ಬಿದ್ದರೆ ಸಾಕು, ಸಾವಿರಾರು ಕಾಲುಗಳು ತುಳಿದ ಮಣ್ಣು ಬೆಣ್ಣೆಯಂತಾಗುತ್ತದೆ. 2024ರ ದೀಪಾವಳಿಯಲ್ಲಿ ಹೀಗೆಯೇ ಮಳೆಯಿಂದ ದಾರಿ ಜಾರುತ್ತಿದ್ದಾಗ ಹಲವರು ಬಿದ್ದು ಗಾಯಗೊಂಡರು. ಬಿದ್ದವರನ್ನು ಅಂಥ ಇಳಿಜಾರಿನಲ್ಲಿ ಹೊತ್ತು ತರುವುದೆಂದರೆ, ಅದೂ ಎದುರಿನಿಂದ ಜನ ಹತ್ತಿ ಬರುತ್ತಿರುವಾಗ, ಎಷ್ಟು ಕಷ್ಟವೆಂಬುದನ್ನು ನೀವೇ ಊಹಿಸಬಹುದು.

ಇನ್ನು ಸ್ವಲ್ಪ ಲೆಕ್ಕ. ಕಡಿದಾದ ಕಾಲುದಾರಿಯ ಒಂದು ಇಕ್ಕಟ್ಟಿನಲ್ಲಿ ಎರಡು ಸೆಕೆಂಡಿಗೆ ಒಬ್ಬರಂತೆ ದಾಟುತ್ತಾರೆಂದು ಇಟ್ಟುಕೊಳ್ಳಿ. ಇದು ಲೆಕ್ಕಕ್ಕಾಗಿ ಹಿಡಿದ ಅಂಕಿಯಷ್ಟೆ. ಆಗ ನಿಮಿಷಕ್ಕೆ 30 ಜನ, ಗಂಟೆಗೆ 1,800 ಜನ. ಬೆಳಗಿನ ಜಾವ ಮೂರರಿಂದ ಆರರವರೆಗಿನ ಮೂರು ಗಂಟೆಗಳಲ್ಲಿ 5,400 ಜನ ದಾಟಬಹುದು. ಸೂರ್ಯೋದಯಕ್ಕೆ ತುದಿಯಲ್ಲಿರಬೇಕೆಂದು ಆ ಹೊತ್ತಿನಲ್ಲಿ 10,000 ಜನ ಬಂದರೆಂದರೆ 4,600 ಜನ ಇಕ್ಕಟ್ಟಿನ ಕೆಳಗೆ ನಿಂತೇ ಇರಬೇಕು. ದರ್ಶನವಾದವರು ಅದೇ ದಾರಿಯಲ್ಲಿ ಇಳಿಯಲು ಆರಂಭಿಸಿದರೆ ಮೇಲೇರುವವರ ಸಂಖ್ಯೆ ಅರ್ಧಕ್ಕಿಳಿಯುತ್ತದೆ, ನಿಂತವರ ಸಂಖ್ಯೆ ಇನ್ನೂ ಬೆಳೆಯುತ್ತದೆ. ಅದೇ 10,000 ಜನ ಹಿಂದಿನ ಸಂಜೆಯಿಂದ ಮರುದಿನ ಮಧ್ಯಾಹ್ನದವರೆಗೆ ಹಂಚಿಕೊಂಡು ಬಂದಿದ್ದರೆ ಯಾರೂ ನಿಲ್ಲಬೇಕಾಗಿರಲಿಲ್ಲ. ಆದುದರಿಂದ ಇಲ್ಲಿ ಒಟ್ಟು ಎಷ್ಟು ಜನ ಬಂದರೆಂಬುದಕ್ಕಿಂತ ಒಂದು ಗಂಟೆಯಲ್ಲಿ ಎಷ್ಟು ಜನ ಬಂದರೆಂಬುದು ಮುಖ್ಯ.

ನಿಂತ ಜನರಿಂದ ಆಗುವ ಅಪಾಯವೇನು? ಒಂದು ಚದರ ಮೀಟರು ಜಾಗದಲ್ಲಿ ಇಬ್ಬರಿದ್ದರೆ ಆರಾಮವಾಗಿ ನಡೆಯಬಹುದು. ನಾಲ್ವರಾದರೆ ನಡಿಗೆ ತಡವಾಗುತ್ತದೆ. ಆರೇಳು ಮಂದಿಯಾದರೆ ಮೈಗೆ ಮೈ ಒತ್ತಿ, ಕೈ ಎತ್ತುವುದಕ್ಕೂ ಆಗದ ಸ್ಥಿತಿ. ಆಗ ಜನ ತಾವಾಗಿ ನಡೆಯುವುದಿಲ್ಲ, ನೀರಿನ ಅಲೆಯಂತೆ ತಳ್ಳಲ್ಪಡುತ್ತಾರೆ. ಹಿಂದಿನವರ ಒಂದು ಸಣ್ಣ ನೂಕು ಮುಂದೆ ಮುಂದೆ ಹೋದಂತೆ ಬಲವಾಗುತ್ತದೆ. ಕಾಲ್ತುಳಿತವೆಂದು ನಾವು ಕರೆಯುವ ದುರಂತಗಳಲ್ಲಿ ಸಾಯುವವರಲ್ಲಿ ಬಹುಮಂದಿ ತುಳಿತದಿಂದ ಸಾಯುವುದಿಲ್ಲ. ಎದೆ ಅದುಮಿ, ಉಸಿರಾಡಲಾಗದೆ ಸಾಯುತ್ತಾರೆ. ಮುಂದೆ ಏನಾಗುತ್ತಿದೆಯೆಂಬುದು ಹಿಂದಿನವರಿಗೆ ಕಾಣುವುದಿಲ್ಲ. ಆದುದರಿಂದ ಅವರನ್ನು ದೂರುವುದರಲ್ಲಿ ಅರ್ಥವಿಲ್ಲ. ಇಂಥ ಗುಂಪು ಒಮ್ಮೆ ಕೂಡಿದ ಮೇಲೆ ಪೊಲೀಸರೂ ಹೆಚ್ಚೇನು ಮಾಡಲಾರರು. ಅದು ಕೂಡುವ ಮುನ್ನವೇ, ದೂರದಲ್ಲೇ ತಡೆಯಬೇಕು.

ನೆರೆಯ ಕೇರಳದ ಶಬರಿಮಲೆಯ ಉದಾಹರಣೆ ನಮಗೆ ಬಹಳ ಹತ್ತಿರದ್ದು. ಅಲ್ಲಿಯೂ ಬೆಟ್ಟ, ಅಲ್ಲಿಯೂ ಸಂಜೆಯ ಒಂದು ಬೆಳಕನ್ನು ನೋಡುವ ತವಕ. 1999ರ ಜನವರಿ 14ರಂದು ಮಕರಜ್ಯೋತಿಯ ಸಂಜೆ ಪಂಪೆಯ ಬಳಿ ಐವತ್ತಕ್ಕೂ ಹೆಚ್ಚು ಮಂದಿ ಮಡಿದರು. 2011ರಲ್ಲಿ ಅದೇ ದಿನ ಪುಲ್ಮೇಡಿನಲ್ಲಿ ಜ್ಯೋತಿ ಕಂಡು ಕತ್ತಲಲ್ಲಿ ಹಿಂದಿರುಗುತ್ತಿದ್ದ ಗುಂಪಿನಲ್ಲಿ ನೂರಕ್ಕೂ ಹೆಚ್ಚು ಯಾತ್ರಿಕರು ಪ್ರಾಣ ಕಳೆದುಕೊಂಡರು. ಗಮನಿಸಿ, ಆಪತ್ತು ಬಂದದ್ದು ದರ್ಶನಕ್ಕೆ ಹೋಗುವಾಗಲ್ಲ, ಎಲ್ಲರೂ ಒಂದೇ ಗಳಿಗೆಯಲ್ಲಿ ಮನೆಯ ಕಡೆಗೆ ತಿರುಗಿದಾಗ. ಹತ್ತುವ ವ್ಯವಸ್ಥೆಯಷ್ಟೇ ಇಳಿಯುವ ವ್ಯವಸ್ಥೆಯೂ ಮುಖ್ಯವೆಂಬುದು ಅದರಿಂದ ಕಲಿಯಬೇಕಾದ ಪಾಠ. ಈಗ ಅಲ್ಲಿ ದರ್ಶನದ ಹೊತ್ತನ್ನು ಮುಂಗಡವಾಗಿ ಗೊತ್ತುಮಾಡಿಕೊಂಡು ಹೋಗುವ ಪದ್ಧತಿ ರೂಢಿಗೆ ಬಂದಿದೆ.

ಇದು ಜಾತ್ರೆಗೆ ಮಾತ್ರ ತಗಲಿದ ಕಷ್ಟವೂ ಅಲ್ಲ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ, ಕ್ರಿಕೆಟ್ ಗೆಲುವಿನ ಸಂಭ್ರಮದಲ್ಲಿ 11 ಜನ ಸತ್ತರು. ಒಳಗೆ ಹಿಡಿಸುವವರಿಗಿಂತ ಎಷ್ಟೋ ಪಾಲು ಹೆಚ್ಚು ಜನ ಬಾಗಿಲುಗಳ ಮುಂದೆ ಸೇರಿದ್ದರು. ಭಕ್ತಿಯಾಗಲಿ, ಆಟದ ಹುಚ್ಚಾಗಲಿ, ಗುಂಪಿನ ನಿಯಮ ಒಂದೇ.

ಆದರೆ ಕ್ರೀಡಾಲೋಕದಿಂದ ಕಲಿಯಬಹುದಾದ ಒಳ್ಳೆಯ ಪಾಠವೂ ಉಂಟು, ಅದೂ ನಮ್ಮ ಕಾಫಿ ಬೆಟ್ಟಗಳಲ್ಲೇ. ಏಷ್ಯಾ-ಪೆಸಿಫಿಕ್ ಮೋಟಾರು ರ‍್ಯಾಲಿ ಸ್ಪರ್ಧೆಯ ಭಾರತದ ಸುತ್ತು 2016ರಲ್ಲಿ ಚಿಕ್ಕಮಗಳೂರಿನಲ್ಲಿ ನಡೆಯಿತು. ಕಾಫಿ ತೋಟಗಳ ನಡುವಿನ ಮಣ್ಣುದಾರಿಯಲ್ಲಿ ಕಾರುಗಳು ಗುಡುಗುತ್ತ ಹೋದದ್ದನ್ನು ನೋಡಿದವರು ವೇಗವನ್ನಷ್ಟೇ ನೆನಪಿಟ್ಟುಕೊಂಡಿರಬಹುದು. ರ‍್ಯಾಲಿಯ ಕ್ರಮವನ್ನು ನೋಡಿ. ಕಾರುಗಳನ್ನು ಒಟ್ಟಿಗೆ ಬಿಡುವುದಿಲ್ಲ. ನಿಮಿಷಗಳ ಅಂತರ ಕೊಟ್ಟು ಒಂದೊಂದಾಗಿ ಬಿಡುತ್ತಾರೆ. ಮೊದಲ ಸ್ಪರ್ಧಿಗಿಂತ ಮುಂಚೆ ದಾರಿ ತೆರವಾಗಿದೆಯೇ ಎಂದು ನೋಡುವ ಕಾರೊಂದು ಹೋಗುತ್ತದೆ. ಎಲ್ಲರೂ ಹೋದ ಮೇಲೆ ಯಾರಾದರೂ ಹಿಂದುಳಿದರೇ ಎಂದು ನೋಡುವ ಇನ್ನೊಂದು ಕಾರು ಬರುತ್ತದೆ. ದಾರಿಯುದ್ದಕ್ಕೂ ನೇಮಿಸಿದ ಜಾಗಗಳಲ್ಲಿ ಕಾವಲಿನವರು ನಿಂತು, ಏನಾದರೂ ಆದರೆ ಹಿಂದಿನ ಠಾಣೆಗೆ ತಿಳಿಸಿ ಮುಂದಿನ ಕಾರನ್ನು ತಡೆಯುತ್ತಾರೆ.

ಜಾತ್ರೆಗೆ ಬೇಕಾದುದೂ ಇದಕ್ಕಿಂತ ಬೇರೆಯಲ್ಲ. ಬುಡದಲ್ಲಿ ಗುಂಪು ಗುಂಪಾಗಿ, ಅಂತರ ಕೊಟ್ಟು ಬಿಡುವುದು. ಹತ್ತಲು ಒಂದು ದಾರಿ, ಇಳಿಯಲು ಇನ್ನೊಂದು. ಇಕ್ಕಟ್ಟಿನ ತಾಣಗಳಲ್ಲಿ ಹಗ್ಗ, ಬೆಳಕು, ಕಾವಲಿನವರು. ಮಳೆ ಬಂದರೆ ಕೆಳಗೇ ತಡೆಯುವ ಅಧಿಕಾರವುಳ್ಳ ಒಬ್ಬರು. ಕತ್ತಲಾಗುವ ಮುನ್ನ ಕೊನೆಯವರ ಹಿಂದೆ ಇಳಿದು ಬರುವ ಒಂದು ತಂಡ. ಇವುಗಳಲ್ಲಿ ಯಾವುದಕ್ಕೂ ಬೆಟ್ಟವನ್ನು ಅಗೆಯಬೇಕಾಗಿಲ್ಲ. ಕಾಂಕ್ರೀಟು ಮೆಟ್ಟಿಲು ಕಟ್ಟಿಬಿಟ್ಟರೆ ಎಲ್ಲವೂ ಸರಿಹೋಗುವುದೆಂದು ಹೇಳುವವರುಂಟು. ಮೆಟ್ಟಿಲು ಆದರೆ ಜಾರುವುದು ತಪ್ಪಬಹುದು, ಆದರೆ ಬರುವವರು ಇಮ್ಮಡಿಯಾದರೆ ಇಕ್ಕಟ್ಟು ತುದಿಗೆ ಹೋಗಿ ನಿಲ್ಲುತ್ತದೆ. ತುದಿಯನ್ನು ಅಗಲ ಮಾಡುವುದು ಯಾರಿಂದಲೂ ಆಗದು.

ಬೆಟ್ಟದ ಮಾತನ್ನೂ ಕೇಳಬೇಕಲ್ಲವೆ? ನಾಡಿನಲ್ಲೇ ಅತ್ಯಂತ ಎತ್ತರದ ಮುಳ್ಳಯ್ಯನಗಿರಿ ಇರುವುದು ಈ ಸಾಲಿನಲ್ಲಿ. ಮೇಲೆ ಹುಲ್ಲುಗಾವಲು, ಮಡಿಲುಗಳಲ್ಲಿ ಶೋಲಾ ಕಾಡು. ಈ ಹುಲ್ಲು ಮಳೆನೀರನ್ನು ಹೀರಿ ಹಿಡಿದು ನಿಧಾನವಾಗಿ ಹೊಳೆಗೆ ಬಿಡುತ್ತದೆ. ಈ ಗಿರಿಗಳಲ್ಲಿ ಹುಟ್ಟುವ ವೇದಾ ಮತ್ತು ಅವತಿ ಹೊಳೆಗಳು ಸಖರಾಯಪಟ್ಟಣದ ಅಯ್ಯನಕೆರೆಗೂ ಮದಗದ ಕೆರೆಗೂ ನೀರುಣಿಸಿ, ಕಡೂರಿನ ಬಳಿ ಕೂಡಿ ವೇದಾವತಿಯಾಗಿ, ಹಿರಿಯೂರಿನ ವಾಣಿವಿಲಾಸ ಸಾಗರವನ್ನು ಸೇರುತ್ತವೆ. ಹುಲ್ಲು ತುಳಿತಕ್ಕೆ ಸಿಕ್ಕಿ ಮಣ್ಣು ಬರಿದಾದರೆ ಮಳೆ ಅದನ್ನು ಕೊಚ್ಚಿಕೊಂಡು ಹೋಗುತ್ತದೆ. ಮಾಣಿಕ್ಯಧಾರೆಯಲ್ಲಿ ಮಿಂದವರು ಬಟ್ಟೆಗಳನ್ನು ಅಲ್ಲೇ ಬಿಟ್ಟುಹೋದುದರಿಂದ ಬಿದ್ದ ರಾಶಿಯನ್ನು ಕಂಡವರಿಗೆ, ಒಬ್ಬೊಬ್ಬರ ಸಣ್ಣ ರೂಢಿ ಸಾವಿರಾರು ಜನ ಸೇರಿದಾಗ ಏನಾಗುತ್ತದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. 2022ರಲ್ಲಿ ಹನ್ನೆರಡು ವರ್ಷಕ್ಕೊಮ್ಮೆ ಅರಳುವ ಕುರಿಂಜಿ ಈ ಗಿರಿಗಳಲ್ಲಿ ಅರಳಿದಾಗಲೂ ನೋಡಬಂದ ವಾಹನಗಳ ಸಾಲು ಘಟ್ಟದ ರಸ್ತೆಯನ್ನು ತುಂಬಿತ್ತು.

ರಸ್ತೆಯ ಮಟ್ಟಿಗೆ ಒಂದು ಕಟ್ಟುಪಾಡು ಈಗಾಗಲೇ ಬಂದಿದೆ. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಗಳಿಗೆ ಬರುವ ಪ್ರವಾಸಿಗರು ಮುಂಗಡವಾಗಿ ಹೆಸರು ನೋಂದಾಯಿಸಿಕೊಳ್ಳಬೇಕೆಂದೂ ಬೆಳಿಗ್ಗೆ 600, ಮಧ್ಯಾಹ್ನ 600 ವಾಹನಗಳಿಗೆ ಮಾತ್ರ ಅವಕಾಶವೆಂದೂ ಜಿಲ್ಲಾಡಳಿತವು 2025ರ ಸೆಪ್ಟೆಂಬರಿನಲ್ಲಿ ಗೊತ್ತುಮಾಡಿತು. ಮಾರ್ಗಶಿರದ ದತ್ತಜಯಂತಿಯಂಥ ಸಂದರ್ಭದಲ್ಲಿ ಗಿರಿಗೆ ಪ್ರವಾಸಿಗರ ಬರವನ್ನು ಕೆಲವು ದಿನ ತಡೆಯುವುದೂ ಉಂಟು. ಜಪಾನಿನವರಿಗೆ ಪವಿತ್ರವಾದ ಫುಜಿ ಪರ್ವತದಲ್ಲೂ ಹೀಗೆಯೇ ಆಯಿತು. ಅಲ್ಲಿ ಜನ ಹೆಚ್ಚು ಹತ್ತುವ ಯೊಷಿದಾ ದಾರಿಯಲ್ಲಿ 2024ರಿಂದ ದಿನಕ್ಕೆ 4,000 ಜನರಿಗೆ ಮಾತ್ರ ಅವಕಾಶವೆಂದು ಮಿತಿ ಹಾಕಿ, ದಾರಿಗೆ ಬಾಗಿಲನ್ನೂ ಶುಲ್ಕವನ್ನೂ ಇಟ್ಟರು.

‘ದೇವರ ಬಳಿಗೆ ಹೋಗುವವರಿಗೆ ಚೀಟಿಯೇ? ಭಕ್ತಿಗೆ ಲೆಕ್ಕವೇ?’ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಹಣವುಳ್ಳವರಿಗೆ ಮುಂಚಿತವಾಗಿ ಜಾಗ ಸಿಕ್ಕಿ, ತಲೆಮಾರುಗಳಿಂದ ಸೌದೆ ಹೊತ್ತು ಹತ್ತುತ್ತಿರುವ ಸುತ್ತಣ ಹಳ್ಳಿಯ ಹೆಂಗಸಿಗೆ ಬಾಗಿಲು ಮುಚ್ಚಿದರೆ ಅದು ಅನ್ಯಾಯ. ಮೊಬೈಲಿನಲ್ಲಿ ನೋಂದಾಯಿಸಲು ಬಾರದ ಅಜ್ಜಿಗೆ ಊರಿನ ಪಂಚಾಯಿತಿಯಲ್ಲೇ ಚೀಟಿ ಸಿಗಬೇಕು, ಅದಕ್ಕೆ ಕಾಸು ಕೇಳಬಾರದು. ಹರಕೆಯವರಿಗೂ ಸುತ್ತಲ ಹಳ್ಳಿಯವರಿಗೂ ಮೊದಲ ಪಾಲು ಇರಬೇಕು. ಆದರೆ ಲೆಕ್ಕವೇ ಬೇಡವೆನ್ನುವುದು ಭಕ್ತಿಯ ಪರವಾದ ಮಾತಲ್ಲ. ದೇವಿಯೇ ವರ್ಷಕ್ಕೊಮ್ಮೆ ಮಾತ್ರ ಬೆಟ್ಟದ ಮೇಲೆ ದರ್ಶನ ಕೊಡುವಳೆಂಬ ಕಟ್ಟಳೆಯನ್ನು ನಾವು ತಲೆತಲಾಂತರದಿಂದ ಒಪ್ಪಿ ನಡೆದಿಲ್ಲವೆ? ಉಳಿದ ದಿನಗಳೆಲ್ಲ ಬೆಟ್ಟಕ್ಕೆ ವಿಶ್ರಾಂತಿ. ಆ ಕಟ್ಟಳೆಗೆ ಹೊತ್ತಿನ ಇನ್ನೊಂದು ಕಟ್ಟಳೆಯನ್ನು ಸೇರಿಸಿದರೆ ಜಾತ್ರೆ ಕೆಡುವುದಿಲ್ಲ, ಉಳಿಯುತ್ತದೆ. ಒಂದು ದೊಡ್ಡ ಅನಾಹುತವಾದ ಮೇಲೆ ಬರುವ ಕಟ್ಟುಪಾಡು ಇದಕ್ಕಿಂತ ಎಷ್ಟೋ ಕಠಿಣವಾಗಿರುತ್ತದೆ, ಮತ್ತು ಅದರ ಬೆಲೆಯನ್ನು ಯಾವುದೋ ಮನೆಯವರು ತೆತ್ತಿರುತ್ತಾರೆ.

ಕೊನೆಯದಾಗಿ, ಮನೆಯಲ್ಲಿ ಕುಳಿತು ಇದನ್ನು ಓದುತ್ತಿರುವ ನೀವು ಮಾಡಬಹುದಾದುದೇನು? ಹೊರಡುವ ಹಿಂದಿನ ದಿನ ರೇಡಿಯೋದ ಹವಾಮಾನ ವರದಿಯನ್ನು ಕೇಳಿ. ಮಳೆಯ ಸೂಚನೆಯಿದ್ದರೆ ಮಕ್ಕಳನ್ನೂ ವಯಸ್ಸಾದವರನ್ನೂ ಬಿಂಡಿಗದ ಕೆಳಗಿನ ದೇವಾಲಯಕ್ಕಷ್ಟೇ ಕರೆದೊಯ್ಯಿರಿ. ಎಲ್ಲರೂ ಹೊರಡುವ ಹೊತ್ತನ್ನು ಬಿಟ್ಟು, ಎರಡು ಗಂಟೆ ಮುಂಚೆಯೋ ತಡವಾಗಿಯೋ ಹೊರಡಿ. ಒಂದು ಟಾರ್ಚು, ಊರುಗೋಲು, ಕುಡಿಯುವ ನೀರು ಇರಲಿ. ಮನೆಮಂದಿ ಬೇರೆ ಬೇರೆಯಾದರೆ ಎಲ್ಲಿ ಸೇರಬೇಕೆಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ನೂಕಾಟ ಕಂಡರೆ ಮುಂದಕ್ಕೆ ತಳ್ಳದೆ ನಿಂತು, ಹಿಂದಿನವರಿಗೂ ನಿಲ್ಲುವಂತೆ ಕೂಗಿ ಹೇಳಿ. ಸಿಕ್ಕಿಕೊಂಡರೆ ಎರಡು ಕೈಗಳನ್ನೂ ಎದೆಯ ಮುಂದೆ ಮಡಿಚಿ ಹಿಡಿದು ಉಸಿರಾಡುವುದಕ್ಕೆ ಎಡೆ ಮಾಡಿಕೊಳ್ಳಿ. ಒಯ್ದ ಪೊಟ್ಟಣಗಳನ್ನೂ ಬಾಟಲಿಗಳನ್ನೂ ಮರಳಿ ತನ್ನಿ. ಕಾವಲಿನವರು ‘ಈಗ ಬೇಡ, ಸ್ವಲ್ಪ ತಾಳಿ’ ಎಂದರೆ ಬೇಸರಪಡದೆ ತಾಳಿ.

ಈ ವರ್ಷ ಹತ್ತಲಾಗದಿದ್ದರೆ ಚಿಂತೆಯಿಲ್ಲ. ಸಂಜೆ ಮನೆಯವರನ್ನೆಲ್ಲ ಕರೆದು ಅಂಗಳದಲ್ಲಿ ನಿಂತು, ಬೆಟ್ಟದ ತುದಿಯ ದೀಪವನ್ನು ನೋಡಿ, ನಿಮ್ಮ ಮನೆಯ ದೀಪವನ್ನು ಹಚ್ಚಿ. ಹತ್ತಿದವರೆಲ್ಲರೂ ಕ್ಷೇಮವಾಗಿ ಇಳಿದು ಮನೆ ಸೇರಿದರೆಂಬ ಸುದ್ದಿಯನ್ನು ಮರುದಿನ ಬೆಳಿಗ್ಗೆ ರೇಡಿಯೋದಲ್ಲಿ ಕೇಳುವಂತಾದರೆ, ಆ ವರ್ಷದ ಜಾತ್ರೆ ಚೆನ್ನಾಗಿ ನಡೆಯಿತೆಂದು ತಿಳಿಯಬಹುದು.