ಜಪಾನಿನ ಚಿತ್ರಲೇಖೆ

ಬಾಣಾಸುರನ ಮಗಳಾದ ಉಷೆಯು ಸ್ವಪ್ನದಲ್ಲಿ ಕಂಡ ತರುಣನಾರೆಂದು ತಿಳಿಯದೆ ಕೊರಗುತ್ತಿದ್ದಾಗ, ಸಖಿಯಾದ ಚಿತ್ರಲೇಖೆಯು ಒಬ್ಬೊಬ್ಬರ ರೂಪವನ್ನೂ ಬರೆದು ತೋರಿಸಿ, ಅವಳು ಅನಿರುದ್ಧನನ್ನು ಗುರುತಿಸುವಂತೆ ಮಾಡಿದಳೆಂಬ ಕಥೆಯನ್ನು ನಮ್ಮ ವಾಚಕರು ಬಲ್ಲರು. ಚಿತ್ರದಿಂದಲೇ ಪ್ರೇಮಕಥೆಯನ್ನು ನಡೆಸುವ ಆ ವಿದ್ಯೆಯು ಜಪಾನ್ ದೇಶದಲ್ಲಿ ಇಂದು ಅನೇಕರ ಜೀವನವೃತ್ತಿಯಾಗಿದೆ. ಅದಕ್ಕೆ ಅಲ್ಲಿ ಮಾಂಗಾ ಎಂದು ಹೆಸರು. ಪುಟವನ್ನು ಚೌಕಗಳಾಗಿ ವಿಭಾಗಿಸಿ, ಕಪ್ಪು ಮಸಿಯಿಂದ ಚಿತ್ರವನ್ನೂ ಅದರೊಡನೆ ಪಾತ್ರಗಳ ಮಾತನ್ನೂ ಬರೆದು, ಬಲದಿಂದ ಎಡಕ್ಕೆ ಓದುವಂತೆ ರಚಿಸುವ ಈ ಕಥೆಗಳನ್ನು ಮಕ್ಕಳಷ್ಟೇ ಅಲ್ಲದೆ ದೊಡ್ಡವರೂ ಆಸಕ್ತಿಯಿಂದ ಓದುತ್ತಾರೆ. ಈ ಕಲೆಯಲ್ಲಿ ಕೀರ್ತಿ ಪಡೆದ ನತ್ಸುಕಿ ತಕಾಯಾ ಎಂಬ ಮಹಿಳೆಯ ವಿಚಾರವನ್ನು ವಾಚಕರ ಮುಂದಿಡಬೇಕೆಂದು ನಾವು ಇಂದು ಲೇಖನಿಯನ್ನು ಹಿಡಿದಿದ್ದೇವೆ.

ತಕಾಯಾ ಎಂಬುದು ಇವರ ಕಾವ್ಯನಾಮ. ಇವರು 1973ನೆಯ ಜುಲೈ 7ರಂದು ಷಿಜುಓಕಾ ಪ್ರಾಂತದಲ್ಲಿ ಜನಿಸಿ, ಟೋಕಿಯೋ ನಗರದಲ್ಲಿ ಬೆಳೆದವರು. ಅಕ್ಕನು ಚಿತ್ರ ಬರೆಯುವುದನ್ನು ಕಂಡು, ಒಂದನೆಯ ತರಗತಿಯಲ್ಲಿದ್ದಾಗಲೇ ತಾನೂ ಚಿತ್ರಕಥೆಗಾರಳಾಗಬೇಕೆಂದು ನಿಶ್ಚಯಿಸಿದರಂತೆ. 1992ರಲ್ಲಿ ಇವರ ಮೊದಲ ಕಥೆಯು ಅಚ್ಚಾಯಿತು. 'ಹಾನಾ ಟು ಯುಮೆ', ಎಂದರೆ 'ಹೂವು ಮತ್ತು ಕನಸು' ಎಂಬ, ತಿಂಗಳಿಗೆರಡು ಬಾರಿ ಹೊರಡುವ ಹೆಣ್ಣುಮಕ್ಕಳ ಪತ್ರಿಕೆಯ ಬಳಗವೇ ಇವರಿಗೆ ಆಶ್ರಯವಾಯಿತು. 1998ರ ಜುಲೈ ತಿಂಗಳಲ್ಲಿ ಅದೇ ಪತ್ರಿಕೆಯಲ್ಲಿ 'ಫ್ರೂಟ್ಸ್ ಬಾಸ್ಕೆಟ್' ಎಂಬ ಧಾರಾವಾಹಿಯು ಆರಂಭವಾಯಿತು.

ನಮ್ಮಲ್ಲಿ ಪ್ರಭವಾದಿ ಸಂವತ್ಸರಗಳಿರುವಂತೆ, ಜಪಾನೀಯರಲ್ಲಿ ಹನ್ನೆರಡು ಪ್ರಾಣಿಗಳ ಹೆಸರಿನ ವರ್ಷಚಕ್ರವಿದೆ. ದೇವರು ಪ್ರಾಣಿಗಳನ್ನೆಲ್ಲ ಔತಣಕ್ಕೆ ಕರೆದಾಗ, ಇಲಿಯು ಬೆಕ್ಕಿಗೆ ದಿನವನ್ನು ತಪ್ಪಾಗಿ ಹೇಳಿ ವಂಚಿಸಿತೆಂದೂ, ಅಂದಿನಿಂದ ಬೆಕ್ಕಿಗೆ ಆ ಪಂಕ್ತಿಯಲ್ಲಿ ಸ್ಥಾನವಿಲ್ಲವೆಂದೂ ಐತಿಹ್ಯವುಂಟು. ತಕಾಯಾ ಅವರು ಇದನ್ನೇ ಬೀಜವಾಗಿಟ್ಟುಕೊಂಡರು. ತಾಯಿಯನ್ನು ಅಪಘಾತದಲ್ಲಿ ಕಳೆದುಕೊಂಡು ಗುಡಾರದಲ್ಲಿ ವಾಸಿಸುವ ತೋಹ್ರು ಎಂಬ ಬಾಲೆಗೆ ಸೋಮಾ ಮನೆತನವು ಆಶ್ರಯ ಕೊಡುತ್ತದೆ. ಆ ಮನೆತನದ ಕೆಲವರಿಗೆ ಒಂದು ಶಾಪ: ಸ್ತ್ರೀಯು ಪುರುಷನನ್ನಾಗಲಿ ಪುರುಷನು ಸ್ತ್ರೀಯನ್ನಾಗಲಿ ಆಲಿಂಗಿಸಿದರೆ, ಶಾಪಗ್ರಸ್ತರು ಒಡನೆಯೇ ತಮ್ಮ ಪ್ರಾಣಿಯ ರೂಪವನ್ನು ತಾಳುವರು. ಇವರಲ್ಲಿ ಡ್ರೇಗನ್ ವರ್ಷದವನು ಭಯಂಕರ ರೂಪವನ್ನು ತಾಳುವ ಬದಲು ಪುಟ್ಟ ಕಡಲಕುದುರೆಯಾಗಿಬಿಡುವನೆಂಬುದು ನಗೆಯ ಸಂಗತಿ. ಆದರೆ ಆತ್ಮೀಯರನ್ನು ಅಪ್ಪಿಕೊಳ್ಳಲಾರದವರ ದುಃಖವು ನಗೆಯ ವಿಷಯವಲ್ಲ. ಬೆಕ್ಕಿನ ಶಾಪ ಹೊತ್ತ ಕ್ಯೋ ಎಂಬ ತರುಣನನ್ನು ಈ ಬಾಲೆಯು ಪ್ರೀತಿಸುವುದೇ ಕಥೆಯ ತಿರುಳು.

ಧಾರಾವಾಹಿಯು ಜನಪ್ರಿಯವಾಗುತ್ತಿದ್ದ ಕಾಲದಲ್ಲಿಯೇ ಕಷ್ಟವೊಂದು ಒದಗಿತು. ತಕಾಯಾ ಅವರು ಎಡಗೈಯಿಂದ ಬರೆಯುವವರು. ಆರನೆಯ ಸಂಪುಟವು ಹೊರಬಂದ ಮೇಲೆ ಆ ಕೈಗೇ ಶಸ್ತ್ರಚಿಕಿತ್ಸೆಯಾಗಬೇಕಾಯಿತು. ಧಾರಾವಾಹಿಯು ನಿಂತಿತು. ಗಾಯಕನಿಗೆ ಕಂಠವಿದ್ದಂತೆ ಚಿತ್ರಗಾರನಿಗೆ ಕೈಯಲ್ಲವೆ? ಅದೇ ಸೋತರೆ ಮುಂದೇನೆಂಬ ಚಿಂತೆಯು ಎಂಥವರನ್ನೂ ಕುಗ್ಗಿಸತಕ್ಕದ್ದು. ಆದರೂ ಇವರು ವಿಶ್ರಾಂತಿಯ ಬಳಿಕ ಪುನಃ ಲೇಖನಿ ಹಿಡಿದರು. 2001ರಲ್ಲಿ ಕೊದಾನ್‌ಷಾ ಪ್ರಕಾಶನದ ಮಾಂಗಾ ಪ್ರಶಸ್ತಿಯು ಈ ಕೃತಿಗೆ ದೊರೆಯಿತು. 2006ರ ನವೆಂಬರಿನಲ್ಲಿ ಕಥೆಯು ಮುಗಿದಾಗ ಅದು 23 ಸಂಪುಟಗಳಷ್ಟಾಗಿತ್ತು.

2001ರಲ್ಲಿಯೇ ಇದು ಚಲಿಸುವ ಚಿತ್ರಗಳ ಮಾಲೆಯಾಗಿ ದೂರದರ್ಶನದಲ್ಲಿ ಬಂದಿತಾದರೂ, ಮೂಲಕಥೆಯೇ ಇನ್ನೂ ಮುಗಿಯದಿದ್ದುದರಿಂದ ಅದು 26 ಕಂತುಗಳಿಗೆ ನಿಂತಿತು. ಬಹುಕಾಲದ ಮೇಲೆ, 2019ರಿಂದ 2021ರವರೆಗೆ, ಕರ್ತೃವಿನ ಮೇಲ್ವಿಚಾರಣೆಯಲ್ಲಿಯೇ 63 ಕಂತುಗಳಲ್ಲಿ ಕಥೆಯು ಕೊನೆಮುಟ್ಟಿತು. ಈ ನಡುವೆ ತಕಾಯಾ ಅವರು ಸುಮ್ಮನಿರಲಿಲ್ಲ. 2007ರಿಂದ 2011ರವರೆಗೆ 'ಹೋಷಿ ವಾ ಉತಾಉ', ಎಂದರೆ 'ನಕ್ಷತ್ರಗಳು ಹಾಡುತ್ತವೆ' ಎಂಬ ಕಥೆಯನ್ನು ಬರೆದರು. 2015ರಲ್ಲಿ ಹಳೆಯ ಕಥೆಯ ಮುಂದಿನ ತಲೆಮಾರನ್ನು ಕುರಿತು ಬರೆಯತೊಡಗಿದರು.

ಕಥೆಯ ಹೆಸರಿನ ಅರ್ಥವನ್ನು ಹೇಳಿ ಮುಗಿಸುವೆವು. 'ಹಣ್ಣಿನ ಬುಟ್ಟಿ' ಎಂಬುದು ಮಕ್ಕಳ ಆಟ. ಒಬ್ಬೊಬ್ಬರಿಗೂ ಒಂದೊಂದು ಹಣ್ಣಿನ ಹೆಸರು. ತನ್ನ ಹೆಸರು ಕೂಗಿದಾಗ ಎದ್ದು ಓಡಬೇಕು. ತೋಹ್ರುವಿಗೆ ಚಿಕ್ಕಂದಿನಲ್ಲಿ ಸಂಗಡಿಗರು ಇಟ್ಟ ಹೆಸರು 'ಅನ್ನದ ಉಂಡೆ'! ಹಣ್ಣುಗಳ ನಡುವೆ ಅನ್ನದ ಉಂಡೆಯನ್ನು ಯಾರು ಕೂಗುವರು? ಮಗುವು ಕಾದು ಕುಳಿತೇ ಇದ್ದಿತು. ಆ ಬಾಲೆಯೇ ಮುಂದೆ ಬೆಳೆದು, ಅನ್ನದ ಉಂಡೆಯ ಬೆನ್ನಿಗೆ ಅಂಟಿದ ಉಪ್ಪುಹಣ್ಣಿನಂತೆ ಒಬ್ಬೊಬ್ಬನ ಸದ್ಗುಣವೂ ಅವನ ಕಣ್ಣಿಗೆ ಕಾಣದೆ, ಇತರರಿಗೆ ಮಾತ್ರ ಕಾಣುತ್ತದೆಂದು ತಿಳಿಯುತ್ತಾಳೆ. ನಮ್ಮ ಮನೆಗಳಲ್ಲಿಯೂ ಕೂಗಿಸಿಕೊಳ್ಳದೆ ಕುಳಿತಿರುವ ಮಗುವೊಂದು, ಸೊಸೆಯೊಬ್ಬಳು ಇಲ್ಲದಿಲ್ಲ. ಅವರ ಬೆನ್ನಿನ ಹಣ್ಣನ್ನು ಕಂಡವರು ಅದನ್ನು ಬಾಯಿಬಿಟ್ಟು ಹೇಳಿದರೆ, ದೂರದೇಶದ ಈ ಕಥೆಯನ್ನು ನಾವು ಕೇಳಿದ್ದು ಸಾರ್ಥಕವಾದೀತು.